ಹಬ್ಬದ ತಿಂಗಳು ಹೊರೆಯಾಗದಿರಲಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಂಜಾನ್ ಬರುವ ಮುಂಚೆ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ನಾನು ವೈದ್ಯನಲ್ಲ, ಮೇಷ್ಟ್ರು. ಔಷಧಿಯ ವಿಚಾರವನ್ನು ವೈದ್ಯರ ಬಳಿಯೇ ಕೇಳಬೇಕು. ಆದರೆ ಆರೋಗ್ಯವೆಂದರೆ ಶುಗರ್, ಬಿ.ಪಿ. ಮಾತ್ರವಲ್ಲ, ಮನಸ್ಸಿನ ನೆಮ್ಮದಿಯೂ ಆರೋಗ್ಯವೇ. ಆ ವಿಚಾರವನ್ನು ನಾವೆಲ್ಲರೂ ಕೂತು ಮಾತಾಡಬಹುದು.

ಈ ತಿಂಗಳು ನೆಮ್ಮದಿಗಾಗಿ ಬರುತ್ತದೆ. ಹಸಿವಿನ ಅರಿವು, ಸಹನೆ, ದಾನ ಇವು ಅದರ ಉದ್ದೇಶ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಇಪ್ಪತ್ತನೇ ರೋಜಾ ದಾಟುವಷ್ಟರಲ್ಲಿ ಏನಾಗಿರುತ್ತದೆ? ಯಜಮಾನನಿಗೆ ಹಬ್ಬದ ಖರ್ಚಿನ ಚಿಂತೆ. ತಾಯಿಗೆ ನಿದ್ದೆಯಿಲ್ಲ. ಮಕ್ಕಳಿಗೆ ಪರೀಕ್ಷೆಯ ಭಯ. ಸಣ್ಣ ಮಾತಿಗೆ ದೊಡ್ಡ ಜಗಳ. ಉಪವಾಸದಿಂದ ಹೀಗಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಅನಿಸಿಕೆ ಬೇರೆ. ಆರೋಗ್ಯವಂತರಿಗೆ ಉಪವಾಸ ಅಷ್ಟು ಭಾರವಲ್ಲ. ಅದರ ಮೇಲೆ ನಾವೇ ಹೇರಿಕೊಂಡಿದ್ದು ಭಾರ. ನಾವು ಹೇರಿಕೊಂಡಿದ್ದನ್ನು ನಾವೇ ಇಳಿಸಬಹುದು. ಇಷ್ಟನ್ನೇ ಇವತ್ತು ಹೇಳಬೇಕೆಂದು ಬಂದಿದ್ದೇನೆ.

ಮೊದಲು ವಿದ್ಯಾರ್ಥಿಗಳ ಮಾತು. ಚಾಂದ್ರಮಾನದ ಲೆಕ್ಕದಲ್ಲಿ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಹಾಗಾಗಿ 2023, 2024, 2025 ಈ ಮೂರು ವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆ ಮತ್ತು ರೋಜಾ ಒಟ್ಟಿಗೇ ಬಂದವು. 2024ರಲ್ಲಿ ಮಾರ್ಚ್ 25ರಿಂದ ಏಪ್ರಿಲ್ 6ರವರೆಗಿನ ಪರೀಕ್ಷೆಯನ್ನು ಮಕ್ಕಳು ಪೂರ್ತಿ ಉಪವಾಸದ ದಿನಗಳಲ್ಲೇ ಬರೆದರು. 2025ರಲ್ಲಿ ಮಾರ್ಚ್ 21ಕ್ಕೆ ಪರೀಕ್ಷೆ ಶುರುವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ಹಬ್ಬ ಮಾರ್ಚ್ 31ರಂದು ಅದರ ನಡುವೆಯೇ ಬಂತು. ಮುಂದಿನ ವರ್ಷಗಳಲ್ಲಿ ಈ ತಿಂಗಳು ಫೆಬ್ರವರಿ, ಜನವರಿಯ ಕಡೆಗೆ ಸರಿಯುತ್ತಾ ಪೂರ್ವಸಿದ್ಧತಾ ಪರೀಕ್ಷೆಗಳ ದಿನಗಳಿಗೆ ಬರುತ್ತದೆ. ಆದ್ದರಿಂದ ಇದು ಒಂದು ವರ್ಷದ ತೊಂದರೆ ಎಂದು ಸುಮ್ಮನಿರುವಂತಿಲ್ಲ, ಒಂದು ಪದ್ಧತಿಯನ್ನೇ ಮಾಡಿಕೊಳ್ಳಬೇಕು.

ಮಕ್ಕಳೇ, ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಎಂಟು ಗಂಟೆ ನಿದ್ದೆಯಾದರೂ ಬೇಕು. ತರಾವೀಹ್ ಮುಗಿಸಿ, ಬೀದಿಯಲ್ಲಿ ಗೆಳೆಯರ ಜೊತೆ ನಿಂತು, ಆಮೇಲೆ ಮೊಬೈಲ್ ನೋಡಿ ಹನ್ನೆರಡಕ್ಕೆ ಮಲಗಿದರೆ, ನಾಲ್ಕಕ್ಕೆ ಸಹರಿಗೆ ಏಳುವಾಗ ನಾಲ್ಕೇ ಗಂಟೆ ನಿದ್ದೆಯಾಗಿರುತ್ತದೆ. ಓದಿದ್ದು ತಲೆಯಲ್ಲಿ ನಿಲ್ಲುವುದು ನಿದ್ದೆಯಿಂದಲೇ. ನಿದ್ದೆಗೆಟ್ಟು ಓದಿದ್ದು ಪರೀಕ್ಷಾ ಕೊಠಡಿಯಲ್ಲಿ ಕೈಕೊಡುತ್ತದೆ. ತರಾವೀಹ್ ಮುಗಿದ ಕೂಡಲೇ ಮಲಗಿ. ಮೊಬೈಲನ್ನು ಅಮ್ಮನ ಕೈಗೆ ಕೊಟ್ಟುಬಿಡಿ. ಫಜ್ರ್ ನಮಾಜಿನ ನಂತರ ಹೊಟ್ಟೆಯಲ್ಲಿ ಆಹಾರವೂ ಇರುತ್ತದೆ, ಮನೆಯೂ ಶಾಂತವಾಗಿರುತ್ತದೆ. ಗಣಿತ, ವಿಜ್ಞಾನದಂಥ ಕಷ್ಟದ ವಿಷಯಕ್ಕೆ ಆ ಹೊತ್ತನ್ನು ಇಟ್ಟುಕೊಳ್ಳಿ. ಮಧ್ಯಾಹ್ನ ಜುಹರ್ ಆದಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ. ಮಧ್ಯಾಹ್ನದ ಈ ಚಿಕ್ಕ ನಿದ್ದೆ, ಕೈಲೂಲಾ, ನಮ್ಮ ಹಿರಿಯರ ರೂಢಿಯೂ ಹೌದು. ಸಂಜೆ ಇಫ್ತಾರಿಗೆ ಮುಂಚಿನ ಒಂದು ಗಂಟೆ ಹೊಸ ಪಾಠ ಓದಬೇಡಿ, ಓದಿದ್ದನ್ನು ಮನನ ಮಾಡಿ.

ತಂದೆತಾಯಿಗಳಿಗೂ ಒಂದು ಮಾತು. 2023–24ನೇ ಸಾಲಿನಿಂದ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಮಕ್ಕಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಒಂದು ಪರೀಕ್ಷೆ ಕೈತಪ್ಪಿದರೆ ವರ್ಷ ಹಾಳಾಯಿತೆಂಬ ಕಾಲ ಹೋಯಿತು. ಇದನ್ನು ಮಗುವಿಗೆ ಪರೀಕ್ಷೆಗೆ ಮುಂಚೆಯೇ ಹೇಳಿ. "ಈ ಸಲ ಕಡಿಮೆ ಬಂದರೆ ನೋಡು" ಎಂದು ಹೆದರಿಸಬೇಡಿ.

ಎರಡನೆಯದು ಅಡುಗೆಮನೆ. ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ಉಪವಾಸ ಹದಿಮೂರು ಗಂಟೆಗೂ ಸ್ವಲ್ಪ ಹೆಚ್ಚು. ಆ ಹದಿಮೂರು ಗಂಟೆಯನ್ನು ದೇಹ ತಡೆದುಕೊಳ್ಳುತ್ತದೆ. ಅದಕ್ಕೆ ತಡೆಯಲಾಗದ್ದು ಒಂದೇ ಸಲಕ್ಕೆ ಬೀಳುವ ಸಮೋಸ, ಬೋಂಡ, ಸಕ್ಕರೆ ತುಂಬಿದ ಶರಬತ್ತು, ಅದರ ಮೇಲೆ ಬಿರಿಯಾನಿ. ಹೊಟ್ಟೆ ಉರಿ, ಮೈಭಾರ, ಮರುದಿನ ಬಾಯಾರಿಕೆ, ಸಿಡುಕು ಎಲ್ಲ ಬರುವುದು ಇದರಿಂದ. ಖರ್ಜೂರ, ನೀರು, ಗಂಜಿ, ಒಂದು ಹಣ್ಣು ಸಾಕು. ನಮಾಜ್ ಮಾಡಿ ಬಂದು ಊಟ ಮಾಡಿ. ಸಹರಿಗೆ ನಮ್ಮ ಸೀಮೆಯ ರಾಗಿಗಿಂತ ಒಳ್ಳೆಯದು ಯಾವುದಿದೆ? ಮುದ್ದೆ, ಸೊಪ್ಪಿನ ಸಾರು, ಒಂದು ಮೊಟ್ಟೆ, ಮಜ್ಜಿಗೆ. ನಿಧಾನವಾಗಿ ಜೀರ್ಣವಾಗಿ ಮಧ್ಯಾಹ್ನದವರೆಗೆ ಕಸುವು ಕೊಡುತ್ತದೆ. ಇಫ್ತಾರಿನಿಂದ ಸಹರಿಯವರೆಗೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಿ. ದಿನಕ್ಕೆ ಐದಾರು ಸಲ ಟೀ ಕುಡಿಯುವವರಿಗೆ ಮೊದಲ ಎರಡು ಮೂರು ದಿನ ತಲೆನೋವು ಬರುತ್ತದೆ. ಅದು ಹಸಿವಿನಿಂದಷ್ಟೇ ಅಲ್ಲ, ಟೀ ತಪ್ಪಿದ್ದರಿಂದಲೂ ಹೌದು. ಒಂದು ವಾರ ಮುಂಚೆಯೇ ಕಡಿಮೆ ಮಾಡುತ್ತಾ ಬನ್ನಿ.

ಈ ಅಡುಗೆಯನ್ನೆಲ್ಲ ಮಾಡುವವರು ಯಾರು ಎಂದು ಗಂಡಸರು ಯೋಚಿಸಬೇಕು. ಮೂರೂವರೆಗೆ ಎಲ್ಲರಿಗಿಂತ ಮೊದಲು ಏಳುವವಳು ಅವಳು. ಪಾತ್ರೆ ತೊಳೆದು ಎಲ್ಲರಿಗಿಂತ ಕೊನೆಗೆ ಮಲಗುವವಳೂ ಅವಳೇ. ಅವಳಿಗೂ ರೋಜಾ ಇದೆ. ಅವಳಿಗೂ ಕುರ್‌ಆನ್ ಓದುವ ಆಸೆ ಇದೆ. ಪ್ರವಾದಿಯವರು (ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸಕ್ಕೆ ಕೈ ಹಚ್ಚುತ್ತಿದ್ದರೆಂದು ಹದೀಸ್‌ಗಳಲ್ಲಿ ಕೇಳಿದ್ದೇವೆ. ನಾವು ಮಾತ್ರ ದಸ್ತರಖಾನಿನ ಮುಂದೆ ಕೂತು "ಚಟ್ನಿ ಎಲ್ಲಿ?" ಎನ್ನುತ್ತೇವೆ. ಇಫ್ತಾರಿಗೆ ಎರಡೇ ತಿಂಡಿ ಎಂದು ನಿಯಮ ಮಾಡಿ. ಹಣ್ಣು ಹೆಚ್ಚುವುದು, ಪಾತ್ರೆ ತೊಳೆಯುವುದು, ಸಹರಿಗೆ ಎಲ್ಲರನ್ನೂ ಎಬ್ಬಿಸುವುದನ್ನು ಗಂಡುಮಕ್ಕಳಿಗೆ ವಹಿಸಿ.

ಮೂರನೆಯದು ದುಡ್ಡು. ಇದನ್ನು ಮುಜುಗರವಿಲ್ಲದೆ ಮಾತಾಡಬೇಕು. ಕೂಲಿ, ಗುಜರಿ, ಗ್ಯಾರೇಜು, ತಳ್ಳುಗಾಡಿ ನಂಬಿದ ಮನೆಗಳಿಗೆ ಈ ತಿಂಗಳು ದುಡಿಮೆ ಕಡಿಮೆ, ಖರ್ಚು ಹೆಚ್ಚು. ಎಲ್ಲರಿಗೂ ಬಟ್ಟೆ, ಚಪ್ಪಲಿ, ಬೀಗರ ಮನೆಗೆ ಕೊಡುವುದು. ಕೈಯಲ್ಲಿಲ್ಲದಿದ್ದರೆ ಸಂಘದ ಸಾಲ, ಫೈನಾನ್ಸ್ ಸಾಲ. ಹಬ್ಬ ಒಂದು ದಿನದಲ್ಲಿ ಮುಗಿಯುತ್ತದೆ, ವಾರದ ಕಂತು ವರ್ಷವಿಡೀ ಬಾಗಿಲಿಗೆ ಬರುತ್ತದೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟರು, ಕೆಲವರು ಜೀವವನ್ನೇ ಕಳೆದುಕೊಂಡರು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹಬ್ಬಕ್ಕೆ ಸಾಲ ಮಾಡಿ ಎಂದು ಯಾರೂ ನಮಗೆ ವಿಧಿಸಿಲ್ಲ. ಇರುವುದರಲ್ಲಿ ಶುಚಿಯಾದ ಬಟ್ಟೆ ಸಾಕು. ಅನುಕೂಲವಿರುವವರಿಗೆ ಇನ್ನೊಂದು ವಿನಂತಿ: ಝಕಾತ್ ಪಡೆಯಬಹುದಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಕ್ಕಿಕೊಂಡವರೂ ಇದ್ದಾರೆ. ಫಿತ್ರಾವನ್ನು ಹಬ್ಬಕ್ಕೆ ಎರಡು ಮೂರು ದಿನ ಮುಂಚೆಯೇ ತಲುಪಿಸಿದರೆ ಆ ಮನೆಯವರು ಬೇರೆಯವರ ಮುಂದೆ ಕೈಚಾಚುವುದು ತಪ್ಪುತ್ತದೆ.

ನಾಲ್ಕನೆಯದು ಕಾಯಿಲೆಯವರ ಮಾತು. ರೋಗಿಗಳಿಗೆ, ಪ್ರಯಾಣಿಕರಿಗೆ ಉಪವಾಸವನ್ನು ಮುಂದೂಡುವ ಅನುಮತಿ ಪವಿತ್ರ ಕುರ್‌ಆನಿನಲ್ಲೇ ಇದೆ. ಗರ್ಭಿಣಿಯರಿಗೆ, ಎದೆಹಾಲುಣಿಸುವ ತಾಯಂದಿರಿಗೂ ರಿಯಾಯಿತಿ ಇದೆ. ಆದರೂ ನಮ್ಮ ಹಿರಿಯರು ಹಟ ಹಿಡಿದು ಮಾತ್ರೆ ಬಿಟ್ಟು ರೋಜಾ ಇಡುತ್ತಾರೆ. ಸಕ್ಕರೆ ಕಾಯಿಲೆಯವರು ಒಂದೆರಡು ತಿಂಗಳು ಮುಂಚೆಯೇ ವೈದ್ಯರನ್ನು ಕಂಡು, ಉಪವಾಸ ಇಡಬಹುದೇ, ಮಾತ್ರೆ ಇನ್ಸುಲಿನ್‌ಗಳನ್ನು ಯಾವ ಹೊತ್ತಿಗೆ ಎಷ್ಟು ತೆಗೆದುಕೊಳ್ಳಬೇಕು ಎಂದು ಕೇಳಿಕೊಳ್ಳಬೇಕು. ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿದರೆ ರೋಜಾ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ನಿಲ್ಲಿಸಬೇಕೆಂಬುದು ತಜ್ಞರ ಸಲಹೆ. ಬೆವರು, ಕೈನಡುಕ, ಕಣ್ಣು ಮಂಜಾದರೆ ಇಫ್ತಾರಿಗೆ ಹತ್ತೇ ನಿಮಿಷ ಇದೆ ಎಂದು ಕಾಯಬೇಡಿ. ಫಿಟ್ಸ್ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನು ಯಾವ ಕಾರಣಕ್ಕೂ ತಾವೇ ನಿಲ್ಲಿಸಬೇಡಿ.

ಮನಸ್ಸಿನ ಕಾಯಿಲೆ ಎಂದೆ. ಹಬ್ಬದ ದಿನ ಎಲ್ಲರೂ ನಗುತ್ತಿರುವಾಗ ಒಬ್ಬರು ಮೂಲೆಯಲ್ಲಿ ಕೂತಿರುತ್ತಾರೆ. ಆ ವರ್ಷ ಮನೆಯಲ್ಲಿ ಸಾವಾಗಿರಬಹುದು, ಮಗಳು ತವರಿಗೆ ಬಂದಿರಬಹುದು, ಮಗ ಫೇಲಾಗಿರಬಹುದು. ಈದ್‌ಗಾಹ್‌ನಿಂದ ಬರುತ್ತಾ ಮೊದಲು ಅಂಥವರ ಮನೆಗೆ ಹೋಗಿ. ಎರಡು ವಾರ ದಾಟಿದರೂ ದುಃಖ ಇಳಿಯದಿದ್ದರೆ, ಊಟ ನಿದ್ದೆ ಬಿಟ್ಟರೆ, ಬದುಕಿ ಏನು ಪ್ರಯೋಜನ ಎನ್ನುತ್ತಿದ್ದರೆ ಅದು ಈಮಾನಿನ ಕೊರತೆಯಲ್ಲ. ಅದು ಕಾಯಿಲೆ, ಚಿಕಿತ್ಸೆಯಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭಿಸಿತು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಮುಖ್ಯ ಕೇಂದ್ರ. ಜಿಲ್ಲಾ ಆಸ್ಪತ್ರೆಗೆ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳುವುದರಲ್ಲೂ ನಾಚಿಕೆ ಬೇಡ. ದುಆ ಮಾಡೋಣ, ಜೊತೆಗೆ ವೈದ್ಯರ ಬಳಿಗೂ ಹೋಗೋಣ.

ಬಂಧುಗಳೇ, ಇವನ್ನೆಲ್ಲ ಜಾರಿಗೆ ತರುವ ಬಗೆ ಸುಲಭ. ಶಾಬಾನ್ ತಿಂಗಳ ಒಂದು ಸಂಜೆ ಮನೆಮಂದಿಯೆಲ್ಲ ಒಂದು ಗಂಟೆ ಕೂತುಕೊಳ್ಳಿ. ಟಿ.ವಿ. ಬೇಡ, ಮೊಬೈಲ್ ಬೇಡ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ಯಾರು ಎಷ್ಟು ಹೊತ್ತಿಗೆ ಮಲಗಬೇಕು, ಯಾರು ಯಾವ ಕೆಲಸ ಮಾಡಬೇಕು, ಹಬ್ಬಕ್ಕೆ ಒಟ್ಟು ಎಷ್ಟು ಖರ್ಚು, ಯಾರ ಮಾತ್ರೆ ಯಾವ ಹೊತ್ತಿಗೆ. ಲೆಕ್ಕ ಬರೆಯುವ ಕೆಲಸವನ್ನು ಹೈಸ್ಕೂಲಿಗೆ ಹೋಗುವ ಮಗಳಿಗೆ ಕೊಡಿ. ಹಾಳೆಯನ್ನು ಅಡುಗೆಮನೆ ಗೋಡೆಗೆ ಅಂಟಿಸಿ. ವಿದ್ಯೆ ಇರುವುದು ಇಂಥ ಕೆಲಸಕ್ಕೇ. ನಮ್ಮ ಸಂಘದ ಪ್ರತಿ ಸದಸ್ಯರ ಮನೆಯಲ್ಲೂ ಈ ವರ್ಷ ಅಂಥದೊಂದು ಹಾಳೆ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯವನ್ನೂ ನೆಮ್ಮದಿಯನ್ನೂ ದಯಪಾಲಿಸಲಿ. ಆಮೀನ್.