ಸಕ್ಕರೆ ಕಾಯಿಲೆ ಮತ್ತು ಒಳಗಿನ ನರಗಳು

ನಾನು ವೈದ್ಯೆಯಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಅತ್ತೆಯವರಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅವರ ಆರೈಕೆಯಲ್ಲಿ ತಿಳಿದದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಸಕ್ಕರೆ ಕಾಯಿಲೆ ಎಂದರೆ ನಮಗೆ ಕಣ್ಣು, ಕಿಡ್ನಿ, ಪಾದ ನೆನಪಾಗುತ್ತವೆ. ಆದರೆ ಹೃದಯದ ಬಡಿತ, ರಕ್ತದೊತ್ತಡ, ಜೀರ್ಣಕ್ರಿಯೆ, ಮೂತ್ರಕೋಶ, ಬೆವರು ಇವನ್ನೆಲ್ಲ ನಮಗೆ ಗೊತ್ತಾಗದಂತೆಯೇ ನಡೆಸುವ ನರಗಳಿವೆ. ಕಂಪ್ಯೂಟರಿನ ತೆರೆಯ ಹಿಂದೆ ಓಡುವ ಪ್ರೋಗ್ರಾಮುಗಳ ಹಾಗೆ. ಇವೇ ಸ್ವಾಯತ್ತ ನರಗಳು. ವರ್ಷಗಟ್ಟಲೆ ಹೆಚ್ಚಿದ ಸಕ್ಕರೆ ಇವನ್ನೂ ಕೆಡಿಸುತ್ತದೆ.

ಅತ್ತೆಯವರಿಗೆ ಎದ್ದು ನಿಂತೊಡನೆ ಕಣ್ಣು ಕತ್ತಲೆ ಬರುತ್ತಿತ್ತು. "ವಯಸ್ಸಾಯ್ತಲ್ಲಮ್ಮ" ಎನ್ನುತ್ತಿದ್ದರು. ಒಂದು ದಿನ ಬಚ್ಚಲಲ್ಲಿ ಬಿದ್ದರು. ವೈದ್ಯರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ತೊಂದರೆಯ ಗುರುತು. ಮೊದಲು ಅವರ ಮಾತ್ರೆಗಳನ್ನು ಪರಿಶೀಲಿಸಿದರು. ನಿಧಾನವಾಗಿ ಏಳಲು, ಮಂಚದ ತಲೆಭಾಗ ಎತ್ತರಿಸಲು ಹೇಳಿದರು. ಅಷ್ಟಕ್ಕೂ ಬಗ್ಗದಿದ್ದರೆ ಮಿಡೋಡ್ರಿನ್‌ನಂಥ ಔಷಧವಿದೆ. ಆದರೆ ಮಲಗಿದಾಗ ಬಿಪಿ ಏರಿಸುವುದರಿಂದ ಅದನ್ನು ರಾತ್ರಿ ಮಲಗುವ ಮುಂಚೆ ಕೊಡುವುದಿಲ್ಲ.

ಹೊಟ್ಟೆಯ ನರ ಕೆಟ್ಟರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗಿ ವಾಕರಿಕೆ ಬರುತ್ತದೆ. ಸಕ್ಕರೆಗೆ ಒಳ್ಳೆಯದೆಂದು ನಾವು ಬಡಿಸುವ ಕಾಳು, ಹಸಿ ಕೋಸಂಬರಿ ಅಂಥವರಿಗೆ ಭಾರ. ಜಿಡ್ಡು, ನಾರು ಕಡಿಮೆಯಿರುವ ಮೆತ್ತನೆಯ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬೇಕು.

ಇನ್ನೊಂದು ಅಪಾಯ: ಸಕ್ಕರೆ ಇಳಿದರೂ ನಡುಕ, ಬೆವರು ಕಾಣಿಸದಿರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏಕಾದಶಿ ಉಪವಾಸ ಮಾಡಬಾರದು. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ; ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಎದೆನೋವೇ ಇಲ್ಲದೆ ಹೃದಯಾಘಾತವೂ ಆಗಬಹುದು. ಕಾರಣವಿಲ್ಲದ ಏದುಸಿರು, ಸುಸ್ತನ್ನು ಕಡೆಗಣಿಸಬೇಡಿ.

ಮೂತ್ರ ಪೂರ್ತಿ ಹೋಗದಿರುವುದು, ಪದೇ ಪದೇ ಸೋಂಕು ಇವನ್ನು ನಾವು ಹೆಂಗಸರು ನಾಚಿಕೆಯಿಂದ ಮುಚ್ಚಿಡುತ್ತೇವೆ. ಹೇಳದಿದ್ದರೆ ಚಿಕಿತ್ಸೆ ಹೇಗೆ?

ಕೆಟ್ಟ ನರಗಳು ಪೂರ್ತಿ ಸರಿಹೋಗುವುದು ಅಪರೂಪ. ಆದರೆ ತಡೆಯಬಹುದು. ಟೈಪ್ 1 ಇದ್ದ 1,441 ಜನರ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಿಗಿಯಾದ ಸಕ್ಕರೆ ನಿಯಂತ್ರಣದಿಂದ ನರಹಾನಿ ಸುಮಾರು ಶೇ. 60ರಷ್ಟು ತಗ್ಗಿತು.

ಮುಂದಿನ ಸಲ ವೈದ್ಯರ ಬಳಿ ಹೋದಾಗ "ನಿಲ್ಲಿಸಿಯೂ ಬಿಪಿ ನೋಡಿ ಡಾಕ್ಟ್ರೇ" ಎಂದು ಕೇಳಿ. ಅದಕ್ಕೆ ಖರ್ಚಿಲ್ಲ, ಐದು ನಿಮಿಷ ಸಾಕು.