ಹೆಪ್ಪಿನಷ್ಟು ಹಣ

(ಮಹಿಳಾ ವಿಭಾಗದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ತಿಂಗಳು ಕಾರ್ಯಾಧ್ಯಕ್ಷೆ ಅಕ್ಕ ಫೋನ್ ಮಾಡಿ, "ನೀನು ಐಟಿಯವಳಲ್ವಾ, ಆನ್‌ಲೈನ್ ಮೋಸದ ಬಗ್ಗೆ ಹತ್ತು ನಿಮಿಷ ಮಾತಾಡು" ಎಂದರು. ಅದು ಬೇಕಾದ ವಿಷಯವೇ. ಆದರೆ ನನಗೆ ಬೇರೆಯೊಂದು ವಿಷಯ ಹೇಳಬೇಕಿತ್ತು, ಅನುಮತಿ ಕೇಳಿದೆ, ಅವರು ಕೊಟ್ಟರು. ನಮ್ಮ ಮಹಿಳಾ ವಿಭಾಗದಲ್ಲೇ ಏಳೆಂಟು ಮಂದಿ ಕಾಲೇಜು ಉಪನ್ಯಾಸಕಿಯರಿದ್ದಾರೆ. ಇನ್ನು ಕೆಲವರ ಮನೆಯಲ್ಲಿ ಮಗಳೋ ಸೊಸೆಯೋ ಪಾಠ ಹೇಳುತ್ತಿದ್ದಾರೆ. ಅರಸಿನ ಕುಂಕುಮಕ್ಕೆ ಸೇರಿದಾಗ ಅವರಿಂದ ಕೇಳುವ ಮಾತು ಒಂದೇ: "ಸಂಶೋಧನೆ ಮಾಡ್ಬೇಕಂತ ಆಸೆ ಇದೆ, ಆದ್ರೆ ನಮ್ಮಂಥ ಕಾಲೇಜಿಗೆ ಯಾರು ದುಡ್ಡು ಕೊಡ್ತಾರೆ?" ಆ ಪ್ರಶ್ನೆಗೆ ನನಗೆ ಗೊತ್ತಿರುವ ಒಂದು ಉತ್ತರವಿದೆ. ಅದರಲ್ಲಿ ನಿಮ್ಮಲ್ಲಿ ಹಲವರ ಪಾಲೂ ಇದೆ, ನಿಮಗೆ ಮರೆತಿರಬಹುದು.

ನಾನು ಎಂ.ಟೆಕ್. ಮಾಡುತ್ತಿದ್ದಾಗ ನನ್ನ ಗೈಡ್ ಆಗಿದ್ದ ಮೇಡಂ ಕನ್ನಡದವರೇ. ಇಬ್ಬರು ಮಕ್ಕಳು, ಅತ್ತೆ-ಮಾವ, ದಿನಕ್ಕೆ ಎರಡೂವರೆ ಗಂಟೆ ಲೋಕಲ್ ಪ್ರಯಾಣ. ಪಿಎಚ್.ಡಿ. ಮುಗಿಸುವಾಗ ಅವರಿಗೆ ನಲವತ್ತು ದಾಟಿತ್ತು. ಆಮೇಲೆ ಕೇಂದ್ರ ಸರಕಾರದ ಒಂದು ಸಂಸ್ಥೆಗೆ ದೊಡ್ಡ ಅರ್ಜಿ ಹಾಕಿದರು. ಕನ್ನಡ ಮಾತನ್ನು ಗುರುತಿಸುವ ತಂತ್ರಾಂಶ ಮಾಡುತ್ತೇವೆ, ಇಷ್ಟು ಲಕ್ಷ ಬೇಕು ಎಂದು. ಎಂಟು ತಿಂಗಳ ನಂತರ ಎರಡು ಸಾಲಿನ ಉತ್ತರ ಬಂತು. ಪ್ರಾಥಮಿಕ ಫಲಿತಾಂಶಗಳಿಲ್ಲ, ತಂಡದ ಸಾಮರ್ಥ್ಯ ಸ್ಪಷ್ಟವಾಗಿಲ್ಲ.

ಮೇಡಂಗೆ ಕೋಪ ಬಂತು. "ಫಲಿತಾಂಶ ಬರ್ಬೇಕಾದ್ರೆ ದುಡ್ಡು ಬೇಕು, ದುಡ್ಡು ಬೇಕಾದ್ರೆ ಫಲಿತಾಂಶ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂದ ಹಾಗಾಯ್ತಲ್ಲ ಇದು!" ಎಂದರು.

ಆ ಗಂಟು ಬಿಡಿಸಲಿಕ್ಕಾಗಿಯೇ ವಿಶ್ವವಿದ್ಯಾಲಯಗಳು ಮತ್ತು ಕಾಲೇಜುಗಳು ತಮ್ಮ ಸ್ವಂತ ನಿಧಿಯಿಂದ ಸಣ್ಣ ಹಣ ಕೊಡುತ್ತವೆ. ಸೀಡ್ ಗ್ರಾಂಟ್, ಬೀಜಧನ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಹೆಪ್ಪು. ಒಂದು ಚಮಚ ಮೊಸರಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ, ಆದರೆ ಅದಿಲ್ಲದೆ ಪಾತ್ರೆ ತುಂಬ ಹಾಲಿದ್ದರೂ ಮೊಸರಾಗುವುದಿಲ್ಲ. ನಮ್ಮ ಮುಂಬೈ ವಿಶ್ವವಿದ್ಯಾಲಯ ತನ್ನ ಅಧೀನ ಕಾಲೇಜುಗಳ ಅಧ್ಯಾಪಕರಿಗೆ ಮೈನರ್ ರಿಸರ್ಚ್ ಪ್ರಾಜೆಕ್ಟ್ ಎಂದು ಹತ್ತಾರು ಸಾವಿರ ರೂಪಾಯಿಯ ಅನುದಾನವನ್ನು ಹಲವು ವರ್ಷಗಳಿಂದ ಕೊಡುತ್ತಾ ಬಂದಿದೆ. ವಿಜ್ಞಾನಕ್ಕೆ ಮಾತ್ರವಲ್ಲ, ವಾಣಿಜ್ಯ, ಭಾಷೆ, ಸಮಾಜಶಾಸ್ತ್ರಕ್ಕೂ. ಪೊವಾಯಿಯ ಐಐಟಿಯಲ್ಲಿ ಹೊಸದಾಗಿ ಸೇರಿದ ಪ್ರಾಧ್ಯಾಪಕರಿಗೆ ಸೀಡ್ ಗ್ರಾಂಟ್ ಸಿಗುತ್ತದೆ. ಅವರಿಗೆ ಲ್ಯಾಬ್ ಕಟ್ಟಿಕೊಳ್ಳಲು ಹಣ, ನಮ್ಮ ಕಾಲೇಜಿನವರಿಗೆ ಒಂದು ಪ್ರಶ್ನೆಯನ್ನು ಪರೀಕ್ಷಿಸಿ ನೋಡುವಷ್ಟು ಹಣ. ವ್ಯತ್ಯಾಸ ದೊಡ್ಡದು, ಆದರೂ ಉದ್ದೇಶ ಒಂದೇ.

ನಮ್ಮ ಕಂಪೆನಿಗಳಲ್ಲೂ ಇದೇ ಪದ್ಧತಿ. ಕ್ಲೈಂಟ್ ಕೋಟಿಗಟ್ಟಲೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಾವು ನಮ್ಮ ಖರ್ಚಿನಲ್ಲಿ ಪಿ.ಓ.ಸಿ. ಮಾಡಿ ತೋರಿಸಬೇಕು, ಅಂದರೆ ಇದು ಆಗುತ್ತದೆ ಎಂಬುದಕ್ಕೆ ಸಣ್ಣ ಮಾದರಿ. ಅದಿಲ್ಲದೆ ಹೋದರೆ ರಿಸೆಪ್ಷನ್‌ನಲ್ಲಿ ಚಹಾ ಕುಡಿಸಿ ಕಳಿಸುತ್ತಾರೆ.

ಮೇಡಂಗೆ ಕಾಲೇಜಿನಿಂದ 50,000 ರೂಪಾಯಿ ಮಂಜೂರಾಯಿತು. ಜುಲೈಯಲ್ಲಿ ಪತ್ರ ಬಂತು, ಹಣ ಬಂದದ್ದು ಜನವರಿಯಲ್ಲಿ. ಮಾರ್ಚ್ 31ರೊಳಗೆ ಖರ್ಚು ಮಾಡಿ ಲೆಕ್ಕ ಕೊಡಬೇಕು. ಎರಡು ಒಳ್ಳೆಯ ಮೈಕ್, ಒಂದು ರೆಕಾರ್ಡರ್, ಹಾರ್ಡ್ ಡಿಸ್ಕ್. ಒಂದೊಂದಕ್ಕೂ ಮೂರು ಕೊಟೇಶನ್. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ನಾನು ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿದೆನೋ! ಕೊನೆಗೆ 11,000 ರೂಪಾಯಿ ಖರ್ಚಾಗದೆ ವಾಪಸ್ ಹೋಯಿತು. ಹಣ ಇಲ್ಲ ಎಂದು ಅಳುವ ಜಾಗದಲ್ಲಿ ಬಂದ ಹಣವೂ ತಡವಾದದ್ದರಿಂದ ಹಿಂದಿರುಗಿತು. ಇದು ನಮ್ಮ ಕಾಲೇಜೊಂದರ ಕಥೆಯಲ್ಲ ಎಂದು ಆಮೇಲೆ ಬೇರೆಯವರಿಂದಲೂ ಕೇಳಿದೆ. ನ್ಯಾಕ್‌ನವರು ಬಂದಾಗ ಅಧ್ಯಾಪಕರಿಗೆ ಬೀಜಧನ ಕೊಟ್ಟಿದ್ದೀರಾ ಎಂದು ಕೇಳುತ್ತಾರೆ, ಆ ಕೋಷ್ಟಕ ತುಂಬಿಸಲೆಂದೇ ಕೊಡುವವರೂ ಇದ್ದಾರೆ. ಇರಲಿ, ಯಾವ ಕಾರಣಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಕು.

ಧ್ವನಿ ಬೇಕಲ್ಲ, ಅದಕ್ಕೆ ನಾವು ಇಲ್ಲಿಗೇ ಬಂದೆವು. ಈ ಸಭಾಗೃಹಕ್ಕೆ. ನೆನಪಿದೆಯಾ? ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಹತ್ತು ಸಲ ಹೇಳಿ ಎಂದು ನಿಮ್ಮನ್ನು ಕೂರಿಸಿದ್ದು. ಒಟ್ಟು 46 ಮಂದಿ. ಚಹಾ-ತಿಂಡಿಗೆ ಅನುದಾನದಲ್ಲಿ ಅವಕಾಶವಿಲ್ಲ ಎಂದು ನಾನು ಸಂಕೋಚಪಟ್ಟರೆ, ಮಾಮಿಯೊಬ್ಬರು ಮನೆಯಿಂದ ನೀರುದೋಸೆ, ಚಟ್ನಿ ಡಬ್ಬಿ ತುಂಬಿ ತಂದರು. "ನಿಮ್ಮ ಸಾಯನ್ಸಿಗೆ ನಮ್ಮದೂ ಒಂದು ದೋಸೆ" ಎಂದರು. ಮಾರ್ಚ್ ತಿಂಗಳ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿಸಿದ್ದಕ್ಕೆ ಬೈದವರೂ ಇದ್ದಾರೆ, ಹೆಸರು ಹೇಳುವುದಿಲ್ಲ. ರೈಲು ಹಳಿ ಇಲ್ಲಿಂದ ಕೂಗಳತೆ. ಫಾಸ್ಟ್ ಲೋಕಲ್ ಹೋದಾಗಲೆಲ್ಲ ಆರನೆಯ ಸಂಖ್ಯೆ ಕೇಳುತ್ತಲೇ ಇರಲಿಲ್ಲ, ಮತ್ತೆ ಮೊದಲಿನಿಂದ.

ಧಾರವಾಡ ಕಡೆಯ ಅಕ್ಕ "ಏಳ, ಎಂಟ, ಒಂಬತ್ತ" ಎಂದರು. ಉಡುಪಿಯವರು "ಏಳು, ಎಂಟು" ಎಂದು ಪೂರ್ತಿ ಹೇಳಿದರು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯರು ಫೋನ್ ನಂಬರ್ ಕನ್ನಡದಲ್ಲಿ ಹೇಳಲು ಹೋಗಿ ನಾಲ್ಕರ ನಂತರ "ಫೈವ್" ಎಂದುಬಿಟ್ಟು ನಕ್ಕರು. ನಮ್ಮ ಜೊತೆ ಇನ್ನೊಂದು ಕಾಲೇಜಿನ ಕನ್ನಡ ಉಪನ್ಯಾಸಕಿಯೊಬ್ಬರು ಕೂತಿದ್ದರು. ಈ ಉಚ್ಚಾರಣೆಯ ವ್ಯತ್ಯಾಸಗಳನ್ನು ಮೊದಲು ಗುರುತಿಸಿ ಬರೆದಿಟ್ಟವರು ಅವರು. ಕಂಪ್ಯೂಟರ್ ಓದಿದ ನಮಗಿಬ್ಬರಿಗೂ ಅದು ಹೊಳೆದೇ ಇರಲಿಲ್ಲ.

ನಮ್ಮ ಪುಟ್ಟ ತಂತ್ರಾಂಶ ಸದ್ದಿಲ್ಲದ ಧ್ವನಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸರಿಯಾಗಿ ಗುರುತಿಸಿತು. ಫೋನಿನ ಮೂಲಕ, ರೈಲಿನ ಸದ್ದಿನ ನಡುವೆ ಅದು ಅರುವತ್ತರ ಹತ್ತಿರಕ್ಕೆ ಬಿತ್ತು. ಧಾರವಾಡದ ಅಕ್ಕಂದಿರ ವಿಷಯದಲ್ಲಿ ಇನ್ನೂ ಕೆಳಗೆ. ನಾನು ಮುಖ ಸಣ್ಣ ಮಾಡಿ ಮೇಡಂಗೆ ತೋರಿಸಿದೆ, ಪ್ರಾಜೆಕ್ಟ್ ಹಾಳಾಯಿತೆಂದು. ಅವರು ಕನ್ನಡಕ ತೆಗೆದು, "ಇದೇ ಕಣೇ ನಮಗೆ ಬೇಕಿದ್ದದ್ದು" ಎಂದರು.

ನನಗೆ ಅದು ಅರ್ಥವಾಗಲು ವರ್ಷಗಳೇ ಬೇಕಾದವು. ಮೊದಲ ಅರ್ಜಿಯಲ್ಲಿ ಇದ್ದದ್ದು ಕನ್ನಡ ಮಾತನ್ನೆಲ್ಲ ಗುರುತಿಸುತ್ತೇವೆ ಎಂಬ ಆಶ್ವಾಸನೆ. ಆಶ್ವಾಸನೆ ಯಾರು ಬೇಕಾದರೂ ಕೊಡಬಹುದು. ಎರಡನೆಯ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಇಷ್ಟರವರೆಗೆ ಬಂದಿದ್ದೇವೆ, ಇಲ್ಲಿ ಸೋತಿದ್ದೇವೆ, ಸೋತದ್ದು ಸದ್ದಿನಿಂದಲೋ ಉಚ್ಚಾರಣೆಯಿಂದಲೋ ಬೇರ್ಪಡಿಸಿ ನೋಡಬೇಕು, ಅದಕ್ಕೆ ಇಂತಿಷ್ಟು ಧ್ವನಿ, ಇಂತಿಷ್ಟು ಹಣ. ದೆಹಲಿಯಲ್ಲಿ ಅರ್ಜಿ ಓದುವ ಪರಿಣತರಿಗೆ ನಾವು ಯಾರೆಂದು ಗೊತ್ತಿಲ್ಲ. ಎಲ್ಲಿ ಸೋತೆವು ಎಂದು ಕರಾರುವಾಕ್ಕಾಗಿ ಹೇಳುವವರನ್ನು ಅವರು ನಂಬುತ್ತಾರೆ. ಇನ್ನೊಂದು ಸಂಗತಿ. ಅರ್ಜಿಯಲ್ಲಿ ಸಹ ಸಂಶೋಧಕರ ಹೆಸರು ಬರೆದರೆ ಸಾಲದು, ಒಟ್ಟಿಗೆ ದುಡಿದ ಗುರುತು ಬೇಕು. ನಮ್ಮ ಮೇಡಂ ಮತ್ತು ಆ ಕನ್ನಡ ಉಪನ್ಯಾಸಕಿ ಒಂದು ತಂಡವಾದದ್ದು ಈ ಸಭಾಗೃಹದಲ್ಲೇ, ನೀರುದೋಸೆಯ ಮುಂದೆ. ಕೊಟೇಶನ್, ಬಿಲ್ಲು, ಯುಟಿಲೈಸೇಶನ್ ಸರ್ಟಿಫಿಕೇಟ್, ಆಡಿಟ್ ಎಂಬ ಪ್ರಪಂಚವನ್ನೂ ಅವರು ಐವತ್ತು ಸಾವಿರದಲ್ಲೇ ಕಲಿತರು. ಲಕ್ಷಗಳಲ್ಲಿ ಕಲಿಯಲು ಹೊರಟರೆ ತಪ್ಪೂ ಲಕ್ಷದ್ದೇ ಆಗುತ್ತದೆ.

ಹಳೆಯದೊಂದು ಉದಾಹರಣೆ ಹೇಳಲೇಬೇಕು, ಬೆಂಗಳೂರು-ಮುಂಬೈ ಎರಡಕ್ಕೂ ಸೇರಿದ್ದು. ಹೋಮಿ ಭಾಭಾ ಎರಡನೆಯ ಮಹಾಯುದ್ಧದ ಕಾರಣ ಇಂಗ್ಲೆಂಡಿಗೆ ಮರಳಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಅಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ಒಂದು ಸಣ್ಣ ಘಟಕ ನಡೆಸಿದರು. ಕೈಯಲ್ಲಿ ಕೆಲಸವಿಟ್ಟುಕೊಂಡು 1944ರ ಮಾರ್ಚ್‌ನಲ್ಲಿ ಅದೇ ಟ್ರಸ್ಟಿಗೆ ದೊಡ್ಡ ಸಂಸ್ಥೆಯೊಂದನ್ನು ಕಟ್ಟುವ ಪತ್ರ ಬರೆದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಶುರುವಾಗಿ, ಅದೇ ಡಿಸೆಂಬರ್‌ನಲ್ಲಿ ಮುಂಬೈಯ ಪೆಡ್ಡರ್ ರೋಡಿನ ಕೆನಿಲ್ವರ್ತ್ ಬಂಗಲೆಗೆ ಬಂತು. ಈಗ ಕೊಲಾಬಾದ ನೇವಿ ನಗರದಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. ಭಾಭಾ ಅವರಿಗೆ ದೊಡ್ಡ ಮನೆತನವಿತ್ತು, ಕೇಂಬ್ರಿಜ್ ಇತ್ತು, ಒಪ್ಪುತ್ತೇನೆ. ಅವರಿಗೇ ಸಣ್ಣ ಘಟಕದಿಂದ ಆರಂಭಿಸಬೇಕಾಯಿತು ಎಂದ ಮೇಲೆ ನಮ್ಮ ಮೇಡಂಗೆ ಹೆಪ್ಪಿಲ್ಲದೆ ಮೊಸರು ಕೇಳುವುದು ಯಾವ ನ್ಯಾಯ?

ಮಹಿಳೆಯರಿಗೆ ಹೊರಗಿನ ಬಾಗಿಲುಗಳು ಇಲ್ಲವೆಂದಲ್ಲ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮಹಿಳಾ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಿಗಾಗಿ ಕ್ಯೂರಿ ಎಂಬ ಯೋಜನೆ ಮಾಡಿತು, ನಮ್ಮ ಎಸ್‌ಎನ್‌ಡಿಟಿಗೂ ಅದರ ನೆರವು ದೊರೆತಿದೆ. 2020ರಲ್ಲಿ ಸರ್ಬ್ ಸಂಸ್ಥೆ ಮಹಿಳಾ ಸಂಶೋಧಕರಿಗೆಂದೇ ಪವರ್ ಯೋಜನೆ ತಂದಿತು. ಐಐಟಿ, ರಾಷ್ಟ್ರೀಯ ಪ್ರಯೋಗಾಲಯಗಳವರಿಗೆ ಮೂರು ವರ್ಷಕ್ಕೆ 60 ಲಕ್ಷದವರೆಗೆ, ರಾಜ್ಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳವರಿಗೆ 30 ಲಕ್ಷದವರೆಗೆ. ಅರ್ಧ ಯಾಕೆ ಎಂದು ನನ್ನನ್ನು ಕೇಳಬೇಡಿ, ನನಗೂ ಅದು ಸರಿ ಕಾಣಲಿಲ್ಲ. ಸರ್ಬ್ ಈಗ 2023ರ ಕಾಯಿದೆಯ ಪ್ರಕಾರ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವಿಲೀನವಾಗಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು. ಆ ಕೋಟಿಗಳ ಬಾಗಿಲಿಗೆ ಬರುವ ಅರ್ಜಿಗಳಲ್ಲಿ ಪೂರ್ವಸಿದ್ಧತೆ ಇದ್ದವರದೇ ಮೇಲುಗೈ. ಎಂಟು ವರ್ಷ ಮಕ್ಕಳನ್ನು ನೋಡಿಕೊಂಡು ಮರಳಿ ಬಂದ ಉಪನ್ಯಾಸಕಿಗೆ ಆ ಸಿದ್ಧತೆ ಎಲ್ಲಿಂದ ಬರಬೇಕು? ತನ್ನದೇ ಕಾಲೇಜಿನಿಂದ, ತನ್ನದೇ ವಿಶ್ವವಿದ್ಯಾಲಯದಿಂದ. ಬೇರೆ ದಾರಿ ನನಗಂತೂ ಕಾಣುವುದಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಎಂ.ಟೆಕ್. ಮುಗಿದ ಜೂನ್‌ನಲ್ಲಿ ನನಗೆ ಐರೋಲಿಯ ಕಂಪೆನಿಯಲ್ಲಿ ಕೆಲಸ ಸಿಕ್ಕಿತು. ರೆಕಾರ್ಡ್ ಮಾಡಿದ ಧ್ವನಿಯನ್ನೆಲ್ಲ ತುಂಡು ಮಾಡಿ, ಇದು ಮೂರು, ಇದು ಏಳು, ಇಲ್ಲಿ ರೈಲು ಎಂದು ಗುರುತು ಹಾಕುವ ಕೆಲಸ ಮೂರರಲ್ಲೊಂದು ಪಾಲು ಮಾತ್ರ ಆಗಿತ್ತು. "ಶನಿವಾರ, ಭಾನುವಾರ ಕೂತು ಮಾಡ್ತೇನೆ ಮೇಡಂ" ಎಂದೆ. ಮಾಡಲಿಲ್ಲ. ಮೊದಲ ಸಂಬಳ, ಹೊಸ ಗೆಳತಿಯರು, ಆಮೇಲೆ ಮದುವೆಯ ಮಾತುಕತೆ. ಎರಡು ಸಲ ಅವರ ಫೋನನ್ನೇ ಎತ್ತಲಿಲ್ಲ. ಎರಡನೆಯ ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಮೇಡಂ ರಾತ್ರಿ ಅಡುಗೆಮನೆ ಒರೆಸಿದ ಮೇಲೆ ಹೆಡ್‌ಫೋನ್ ಹಾಕಿ, ನಾಲ್ಕು ಸಾವಿರಕ್ಕಿಂತ ಹೆಚ್ಚಿನ ತುಣುಕುಗಳಲ್ಲಿ ಉಳಿದದ್ದನ್ನೆಲ್ಲ ತಾವೇ ಗುರುತು ಹಾಕಿದರು. ಅರ್ಜಿಯಲ್ಲಿ ನನ್ನ ಹೆಸರನ್ನು ಬಿಡಲಿಲ್ಲ. ಅದನ್ನು ಓದಿದ ದಿನ ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ಅರ್ಜಿ ಮಂಜೂರಾಯಿತು. ಕೇಳಿದಷ್ಟು ಸಿಗಲಿಲ್ಲ, ಸುಮಾರು ಮೂರನೆಯ ಎರಡು ಪಾಲು ಸಿಕ್ಕಿತು. ಅದರಲ್ಲಿ ಇಬ್ಬರು ಹುಡುಗಿಯರಿಗೆ ಮೂರು ವರ್ಷ ಫೆಲೋಶಿಪ್ ಕೊಟ್ಟರು. ಒಬ್ಬಳು ಕಲ್ಯಾಣದಿಂದ ಬರುತ್ತಿದ್ದಳು, ಈಗ ಅವಳೇ ಪಿಎಚ್.ಡಿ. ಮುಗಿಸಿ ಬೇರೆ ಕಾಲೇಜಿನಲ್ಲಿದ್ದಾಳೆ. ಅವಳು ತನ್ನ ಮೊದಲ ಸಣ್ಣ ಅನುದಾನಕ್ಕೆ ಅರ್ಜಿ ಹಾಕಿದಾಗ ಲೆಕ್ಕದ ಹಾಳೆ ತಿದ್ದಿಕೊಡು ಎಂದು ನನಗೆ ಕಳಿಸಿದಳು. ಆ ಸಲ ಶನಿವಾರವೇ ಕೂತು ಮಾಡಿ ಕಳಿಸಿದೆ.

ಇನ್ನೊಂದು ವಿಷಯ ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅಂದು ಇಲ್ಲಿ ಕೂತು ಎಣಿಸಿದವರಲ್ಲಿ ಮೂವರು ಈಗ ನಮ್ಮೊಂದಿಗಿಲ್ಲ. ಹೋದ ವರ್ಷ ಒಬ್ಬರ ಮಗಳು ಮೇಡಂ ಅವರನ್ನು ಹುಡುಕಿಕೊಂಡು ಹೋಗಿ ಅಮ್ಮನ ಧ್ವನಿ ಇದೆಯಾ ಎಂದು ಕೇಳಿದರಂತೆ. ಹಾರ್ಡ್ ಡಿಸ್ಕ್‌ನಲ್ಲಿ ಇತ್ತು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಸಲ, ನಡುವೆ ಒಂದು ಕಡೆ "ಫ್ಯಾನ್ ಹಾಕಿ ಮಾರಾಯ್ರೆ" ಎಂದು. ಸಂಶೋಧನೆಗೆ ಬೇಡವೆಂದು ನಾನು ಅಳಿಸಬೇಕಿದ್ದ ತುಣುಕು ಅದು. ಕೆಲಸ ಅರ್ಧಕ್ಕೆ ಬಿಟ್ಟದ್ದರಿಂದ ಉಳಿದುಕೊಂಡಿತ್ತು.

ಉಪನ್ಯಾಸಕಿಯರಾಗಿರುವ ಅಕ್ಕ-ತಂಗಿಯರಲ್ಲಿ ಒಂದು ವಿನಂತಿ. ನಿಮ್ಮ ಕಾಲೇಜಿನ ಸಂಶೋಧನಾ ಸಮಿತಿಯ ಸಂಚಾಲಕರು ಯಾರೆಂದು ಸೋಮವಾರವೇ ವಿಚಾರಿಸಿ. ವಿಶ್ವವಿದ್ಯಾಲಯದ ಸುತ್ತೋಲೆ ಬಂದರೆ ನೋಟಿಸ್ ಬೋರ್ಡಿಗೆ ಬರುವವರೆಗೆ ಕಾಯಬೇಡಿ. ವಿಷಯ ಚಿಕ್ಕದಿರಲಿ, ಒಂದೇ ಪ್ರಶ್ನೆ ಇರಲಿ. ಬೇರೆ ವಿಷಯದ ಒಬ್ಬ ಜೊತೆಗಾರ್ತಿಯನ್ನು ಸೇರಿಸಿಕೊಳ್ಳಿ. ಹಣ ಬರುವ ಮೊದಲೇ ಕೊಟೇಶನ್ ತೆಗೆದಿಟ್ಟುಕೊಳ್ಳಿ, ಮಾರ್ಚ್ ಯಾರಿಗೂ ಕಾಯುವುದಿಲ್ಲ. ಮನೆಯವರಲ್ಲೂ ಒಂದು ಮಾತು: ಸೊಸೆ ರಾತ್ರಿ ಹೆಡ್‌ಫೋನ್ ಹಾಕಿ ಕೂತಿದ್ದರೆ ಅಡುಗೆಮನೆ ಬೇರೆ ಯಾರಾದರೂ ಒರೆಸಬಹುದು.

ಮೇಡಂ ಅವರ ಆ ಎರಡೂ ಅರ್ಜಿಗಳ ಪ್ರತಿ, ಮೊದಲು ತಿರಸ್ಕೃತವಾದದ್ದು ಮತ್ತು ಆಮೇಲೆ ಗೆದ್ದದ್ದು, ಅವರ ಒಪ್ಪಿಗೆ ಪಡೆದು ತಂದಿದ್ದೇನೆ. ಊಟದ ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ನೋಡಬೇಕೆನ್ನುವವರು ಬನ್ನಿ. ಆನ್‌ಲೈನ್ ಮೋಸದ ಬಗ್ಗೆ ಕೇಳುವವರೂ ಬರಬಹುದು.