ಅಧ್ಯಕ್ಷಪದವಿಯ ಹುರಿಯಾಳೂ ಅವನ ಮತವೂ

 

ಮಠದ ಮಹೋತ್ಸವದಲ್ಲಿ ಅಮೇರಿಕಾ ದೇಶದ ಚುನಾವಣೆಯ ಪ್ರಸ್ತಾಪವೇತಕ್ಕೆಂದು ತಾವು ಶಂಕಿಸಬಹುದು. ಹುರಿಯಾಳಿನ ಹೆಸರು ಕಿವಿಗೆ ಬಿದ್ದೊಡನೆ 'ಯಾವ ಪೈಕಿ?' ಎಂದು ವಿಚಾರಿಸುವ ರೂಢಿಯು ನಮ್ಮಲ್ಲಿ ಮಾತ್ರವೇ ಉಂಟೆಂದು ಕೆಲವರು ನಾಚಿಕೊಳ್ಳುವುದರಿಂದ ಈ ವಿಷಯವನ್ನು ಆರಿಸಿಕೊಂಡಿರುತ್ತೇನೆ. ನಮ್ಮ ನುಡಿಯಲ್ಲಂತೂ ಧರ್ಮಕ್ಕೂ ಓಟಿಗೂ ಮತವೆಂಬ ಒಂದೇ ಹೆಸರು!

ಆ ದೇಶದ ರಾಜ್ಯಾಂಗದ 6ನೆಯ ವಿಧಿಯು ಯಾವ ಅಧಿಕಾರಕ್ಕೂ ಧರ್ಮಪರೀಕ್ಷೆ ಕೂಡದೆಂದು ಸಾರುತ್ತದೆ. ಆದಾಗ್ಯೂ ಜನರ ಮನಸ್ಸಿನಲ್ಲಿ ಆ ಪರೀಕ್ಷೆಯು ನಡೆದೇ ಇದ್ದಿತು. 1928ರಲ್ಲಿ ನ್ಯೂಯಾರ್ಕಿನ ಗವರ್ನರ್ ಆಲ್ ಸ್ಮಿತ್ತರು ಡೆಮಾಕ್ರಾಟಿಕ್ ಪಕ್ಷದಿಂದ ನಿಂತಾಗ, ಅವರು ಕ್ಯಾಥೊಲಿಕರಾದ ಕಾರಣ, ಪೋಪರ ಆಜ್ಞೆಯು ವಾಷಿಂಗ್ಟನ್ನಿನಲ್ಲಿ ನಡೆದೀತೆಂಬ ಭೀತಿಯನ್ನು ವಿರೋಧಿಗಳು ಹಬ್ಬಿಸಿದರು. ಹೂವರರಿಗೆ 444, ಸ್ಮಿತ್ತರಿಗೆ 87 ನಿರ್ವಾಚಕರ ಮತಗಳು. ಸೋಲಿಗೆ ಪಾನನಿರೋಧದ ವಿವಾದವೇ ಮೊದಲಾದ ಬೇರೆ ಕಾರಣಗಳೂ ಇದ್ದುವು. ಆದರೂ ಮುಂದಿನ 32 ವರ್ಷ ಯಾವ ದೊಡ್ಡ ಪಕ್ಷವೂ ಕ್ಯಾಥೊಲಿಕರೊಬ್ಬರನ್ನು ಆ ಪದವಿಗೆ ನಿಲ್ಲಿಸುವ ಧೈರ್ಯ ಮಾಡಲಿಲ್ಲ.

1960ರಲ್ಲಿ ಜಾನ್ ಕೆನೆಡಿಯವರು ಪ್ರಾಟೆಸ್ಟೆಂಟರೇ ತುಂಬಿದ ವೆಸ್ಟ್ ವರ್ಜೀನಿಯಾದಲ್ಲಿ ಹಂಫ್ರಿಯವರನ್ನು ಸೋಲಿಸಿ ಪಕ್ಷದ ಹಿರಿಯರ ಅಂಜಿಕೆಯನ್ನು ಬಿಡಿಸಿದರು. ಸೆಪ್ಟೆಂಬರ್ 12ರಂದು ಹ್ಯೂಸ್ಟನ್ ನಗರದಲ್ಲಿ ಪಾದ್ರಿಗಳ ಸಭೆಯೆದುರು ನಿಂತು, ತಾವು ಕ್ಯಾಥೊಲಿಕರ ಹುರಿಯಾಳಲ್ಲ, ಪಕ್ಷದ ಹುರಿಯಾಳೆಂದೂ, ಅಂತಃಸಾಕ್ಷಿಗೂ ರಾಷ್ಟ್ರಹಿತಕ್ಕೂ ವಿರೋಧವೊದಗಿದರೆ ಪದವಿಯನ್ನೇ ತ್ಯಜಿಸುವೆವೆಂದೂ ಹೇಳಿದರು. ಸ್ವಲ್ಪದರಲ್ಲಿಯೇ ಗೆದ್ದರು.

ಇದು ಎಲ್ಲರೂ ಕೊಂಡಾಡುವ ಕಥೆ. ಅಷ್ಟಾಗಿ ಹೇಳದಿರುವ ಭಾಗವೂ ಒಂದುಂಟು. 1956ರಲ್ಲಿ ಕೆನೆಡಿಯವರ ಕಡೆಯವರೇ ಒಂದು ಟಿಪ್ಪಣಿಯನ್ನು ಸಿದ್ಧಪಡಿಸಿ, ಕ್ಯಾಥೊಲಿಕರು ಹೆಚ್ಚಾಗಿರುವ ದೊಡ್ಡ ಸಂಸ್ಥಾನಗಳಲ್ಲಿ ಆ ಮತದವನೊಬ್ಬನು ಉಪಾಧ್ಯಕ್ಷಸ್ಥಾನಕ್ಕೆ ನಿಂತರೆ ಪಕ್ಷಕ್ಕೆ ಲಾಭವೆಂದು ಪ್ರತಿಪಾದಿಸಿದ್ದರು. ಮತವನ್ನು ಎಣಿಸಬೇಡಿರೆಂದು ಬೇಡಿದ ಪಾಳೆಯದಲ್ಲಿಯೇ ಎಣಿಕೆ ನಡೆದಿತ್ತು. ಇದನ್ನು ಕೇವಲ ಕಪಟವೆನ್ನಲು ನನಗೆ ಮನಸ್ಸೊಪ್ಪದು. ಬಹುಕಾಲ ಬಾಗಿಲಾಚೆ ನಿಂತವರು ತಮ್ಮವನೊಬ್ಬನು ಒಳಹೋಗಲೆಂದು ಬಯಸುವುದು ನ್ಯಾಯವೇ. ಒಳಹೋದವನು ತಮ್ಮವನಾಗಿಯೇ ಉಳಿಯಲೆಂಬ ಬಯಕೆ ಬೇರೆ. 1961ರಲ್ಲಿ ಕೆನೆಡಿಯವರು ಶಾಲೆಗಳಿಗೆ ಸರಕಾರದ ದ್ರವ್ಯಸಹಾಯದ ಮಸೂದೆಯನ್ನು ತಂದಾಗ ಚರ್ಚಿನ ಶಾಲೆಗಳನ್ನು ಅದರಿಂದ ಹೊರಗಿಟ್ಟರು, ಅವರದೇ ಮತದ ಬಿಷಪ್ಪರು ವಿರೋಧಿಸಿದರು, ಮಸೂದೆಯು ಬಿದ್ದುಹೋಯಿತು. ಹ್ಯೂಸ್ಟನ್ನಿನ ಮಾತಿಗೆ ತೆತ್ತ ಬೆಲೆಯಿದು.

2020ರಲ್ಲಿ ಎರಡನೆಯ ಕ್ಯಾಥೊಲಿಕ್ ಅಧ್ಯಕ್ಷರಾಗಿ ಬೈಡನ್ನರು ಆರಿಸಿ ಬಂದರು. ಪೋಪರ ವಿಷಯವಾಗಿ ಅವರು ಪಾದ್ರಿಗಳ ಮುಂದೆ ಉತ್ತರ ಹೇಳಬೇಕಾಗಲಿಲ್ಲ. ಎಣಿಕೆಯು ಬೇರೆ ಕಡೆಗೆ ಹೊರಳಿತ್ತು: ಸಹಹುರಿಯಾಳಾಗಿ ಸ್ತ್ರೀಯೊಬ್ಬರನ್ನೇ ಆರಿಸುವೆನೆಂದು ಮಾರ್ಚಿಯಲ್ಲಿ ಮಾತುಕೊಟ್ಟು, ಆಗಸ್ಟಿನಲ್ಲಿ ಕಮಲಾ ಹ್ಯಾರಿಸರನ್ನು ಆರಿಸಿದರು. ಆಗ ಈ ಸಾಗರದಾಚೆ ಕುಳಿತು, ಅವರ ನೀತಿಯೇನೆಂದು ಓದುವುದಕ್ಕೆ ಮುಂಚೆ, ಅವರ ತಾಯಿಯ ಕಡೆಯ ಊರು ಯಾವುದೆಂದು ಪತ್ರಿಕೆಯಲ್ಲಿ ಹುಡುಕಿದವರಲ್ಲಿ ನಾನೂ ಒಬ್ಬನು.